ಚೆಕ್‌ರೋಲ್‌ನಲ್ಲಿ ಇಲ್ಲದ ಹೆಸರು

ಸುಮಾ (ಹೆಸರು, ಗುರುತು ಬದಲಿಸಿದ್ದೇನೆ) ನನ್ನ ಹತ್ತಿರ ಸಲಹೆಗೆ ಬಂದಿದ್ದು ರಾತ್ರಿ ನಿದ್ದೆ ಬರುವುದಿಲ್ಲ ಎಂದು. ವಯಸ್ಸು ನಲವತ್ತರ ಹತ್ತಿರ, ಬಿ.ಕಾಂ. ಓದಿದವರು. ಸೋಮವಾರಪೇಟೆ ಕಡೆ ಗಂಡನ ಅರೇಬಿಕಾ ಕಾಫಿ ತೋಟ, ತೋಟದ ಮನೆಯಲ್ಲೇ ಹೋಂಸ್ಟೇ. ಮಡಿಕೇರಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸವಿದೆ, ಹೋಗಲಾ ಎಂದು ಕೇಳಿದ್ದಕ್ಕೆ ಮನೆಯಲ್ಲಿ ಜಗಳವಾಗಿತ್ತು. "ನಿನಗೇನು ಕಡಿಮೆ ಮಾಡಿದ್ದೀನಿ? ಕೇಳಿದಾಗ ಕೊಡ್ತಿಲ್ವಾ?" ಎಂದಿದ್ದರಂತೆ ಗಂಡ.

ಆ ಕೇಳುವುದೇ ಅವರಿಗೆ ಸಾಕಾಗಿತ್ತು. ಮಗಳಿಗೆ ಚಪ್ಪಲಿ ಬೇಕೆಂದರೂ ಕೇಳಬೇಕು, ಅಮ್ಮನನ್ನು ನೋಡಲು ಹೋಗುವಾಗ ಹಣ್ಣು ಕೊಳ್ಳಲೂ ಕೇಳಬೇಕು. ಗಂಡ ಆದಾಯ ತೆರಿಗೆ ಕಟ್ಟುವುದರಿಂದ ಗೃಹಲಕ್ಷ್ಮಿಯ 2,000 ರೂಪಾಯಿಯೂ ಇವರಿಗೆ ಬರುವುದಿಲ್ಲ.

ಕೆಲಸವೋ, ಬೆಳಗಿನ ಕಾಫಿಯಿಂದ ರಾತ್ರಿಯ ಕಡಂಬುಟ್ಟು (ಅಕ್ಕಿ ಕಡುಬು), ಪಂದಿ ಕರಿವರೆಗೆ. ರೂಮು ನೋಡಿಕೊಳ್ಳುವುದು, ಬುಕಿಂಗ್ ಫೋನು, ಅತ್ತೆಯ ಮಾತ್ರೆ. ಡಿಸೆಂಬರಿನಲ್ಲಂತೂ ಹಣ್ಣು ಕೊಯ್ಲು ಮತ್ತು ಕ್ರಿಸ್‌ಮಸ್ ರಜೆಯ ಅತಿಥಿಗಳು ಒಟ್ಟಿಗೇ ಬರುತ್ತಾರೆ. ತೋಟದ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿ ಲೆಕ್ಕದ ಪುಸ್ತಕ) ಬರೆಯುವುದೂ, ವಾರದ ಬಟವಾಡೆ ಕೊಡುವುದೂ ಅವರೇ. ಹಣ್ಣು ಕೊಯ್ಯುವವರ, ಪಾತ್ರೆ ತೊಳೆಯಲು ಬರುವ ಹುಡುಗಿಯ ಹೆಸರೆಲ್ಲ ಅದರಲ್ಲಿವೆ. ತಮ್ಮ ಹೆಸರೊಂದೇ ಇಲ್ಲ ಎಂದು ಹೇಳುವಾಗ ಅವರಿಗೆ ಅಳು ಬಂತು.

ಇದು ಅವರೊಬ್ಬರ ಕಥೆಯಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಇವರ ಮನೆಯಲ್ಲಿ ಇನ್ನೂ ಒಂದು ತೊಡಕಿದೆ. ಹೋಂಸ್ಟೇ ಅಡುಗೆಯಿಂದ ದುಡ್ಡು ಬರುತ್ತದೆ, ಅಂದರೆ ಅದು ದುಡಿಮೆ. ಅಡುಗೆಮನೆಯಲ್ಲಿ ನಡೆಯುತ್ತದೆ ಅನ್ನುವ ಕಾರಣಕ್ಕೆ ಅದನ್ನೂ ಮನೆಗೆಲಸದ ಲೆಕ್ಕಕ್ಕೆ ಹಾಕಿದ್ದಾರೆ.

ಕೆಲಸಕ್ಕೆ ಹೋಗುವ ತೀರ್ಮಾನ ಸ್ವಲ್ಪ ತಡೆಯಿರಿ ಎಂದೆ. ಈಗ ಹೋದರೆ ಸಂಜೆ ಬಂದು ಇದೇ ಅಡುಗೆಮನೆಗೆ ನಿಲ್ಲಬೇಕು, ಹೊರೆ ಎರಡಾಗುತ್ತದೆ ಅಷ್ಟೇ. ಮೊದಲು ಒಂದು ತಿಂಗಳು ಮಾಡಿದ ಕೆಲಸವನ್ನೆಲ್ಲ ಬರೆದಿಡಿ. ಅದೇ ಕೆಲಸಕ್ಕೆ ಅಡುಗೆಯವರನ್ನು, ರೈಟರನ್ನು (ತೋಟದ ಲೆಕ್ಕ ಬರೆಯುವವರನ್ನು) ಇಟ್ಟರೆ ಎಷ್ಟು ಕೊಡಬೇಕು ಎಂದು ಪಕ್ಕದಲ್ಲೇ ಬರೆಯಿರಿ. ಜಗಳದ ಹೊತ್ತಿನಲ್ಲಿ ತೋರಿಸಬೇಡಿ, ಗಂಡನನ್ನು ಇಲ್ಲಿಗೇ ಕರೆದುಕೊಂಡು ಬನ್ನಿ.

ಗಂಡ ಬಂದರು. ಕೆಟ್ಟ ಮನುಷ್ಯರೇನಲ್ಲ. ಅವರ ತಂದೆಯೂ ಹೀಗೇ ಮನೆ ನಡೆಸಿದ್ದರು. ಕಾಗದದ ಮೇಲಿನ ಮೊತ್ತ ನೋಡಿ ತುಂಬ ಹೊತ್ತು ಮಾತಾಡಲಿಲ್ಲ. ಅವರಿಗೂ ನೇರವಾಗಿಯೇ ಹೇಳಿದೆ: ಹೋಂಸ್ಟೇಗೆ ಇಬ್ಬರ ಹೆಸರಿನಲ್ಲಿ ಬೇರೆ ಖಾತೆ ತೆರೆಯಿರಿ. ಗ್ಯಾಸು, ದಿನಸಿ, ಹುಡುಗಿಯ ಸಂಬಳದ ಹಾಗೆ ಸುಮಾ ಅವರ ಸಂಬಳವೂ ಖರ್ಚೇ. ತಿಂಗಳ ಮೊದಲ ವಾರ ಅದು ಅವರ ಸ್ವಂತ ಖಾತೆಗೆ ಹೋಗಲಿ. ಏನು ಮಾಡಿದೆ ಎಂದು ಆಮೇಲೆ ಕೇಳಬೇಡಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿಯಲ್ಲಿ ಅವರ ಹೆಸರನ್ನೂ ಸೇರಿಸಲು ಆಗುತ್ತದಾ ವಿಚಾರಿಸಿ.

ಖಾತೆಗೆ ಒಪ್ಪಿದರು, ತೆರೆದಿದ್ದಾರೆ. ಕಾಗದದಲ್ಲಿ ಹೆಸರು ಹಾಕುವ ಮಾತಿಗೆ "ನೋಡೋಣ" ಎಂದಿದ್ದಾರೆ. ಅದಕ್ಕೇ ಸುಮಾ ಅವರಿಗೆ ಬೇರೆಯಾಗಿ ಇನ್ನೊಂದು ವಿಷಯ ಹೇಳಿದ್ದೇನೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರ ನೆರವು ಉಚಿತ, ಮನೆಯ ಆದಾಯ ಎಷ್ಟೇ ಇರಲಿ. ಸುಮ್ನೆ ಸಲಹೆ ಕೇಳಿ ಬರಲೂ ಹೋಗಬಹುದು.