ಮದುವೆ ಕಾರ್ಡ್ ಇಟ್ಟ ಟ್ರಾನ್ಸ್‌ಫಾರ್ಮರ್ ಯಾಕೆ ಬಿಸಿಯಾಗುತ್ತದೆ?

ಪ್ರಶ್ನೆ: ತೋಟದ ಮನೆಗೆ 48 ವೋಲ್ಟ್ ಬ್ಯಾಟರಿ ಚಾರ್ಜರ್ ಮಾಡುತ್ತಿದ್ದೇನೆ. 500 ವ್ಯಾಟ್, ಎಲ್‌ಎಲ್‌ಸಿ ಹಾಫ್ ಬ್ರಿಡ್ಜ್ (ಎರಡು ಸ್ವಿಚ್ ಮತ್ತು ರೆಸೊನೆನ್ಸ್ ಬಳಸುವ ಸರ್ಕ್ಯೂಟ್), 400 ವೋಲ್ಟ್ ಡಿಸಿ, 100 ಕಿಲೋಹರ್ಟ್ಸ್. ಇಟಿಡಿ39 ಫೆರೈಟ್ ಕೋರ್, ಪ್ರೈಮರಿ 40 ಸುತ್ತು, ಸೆಕೆಂಡರಿ 11. ಪ್ರೈಮರಿಯ ಇಂಡಕ್ಟೆನ್ಸ್ 500 ಮೈಕ್ರೋಹೆನ್ರಿ ಇರಲಿ ಅಂತ ಲೆಕ್ಕ ಹಾಕಿದಾಗ 0.5 ಮಿ.ಮೀ. ಗ್ಯಾಪ್ ಬಂತು. ಅಷ್ಟು ದಪ್ಪಕ್ಕೆ ಮದುವೆ ಕಾರ್ಡ್ ಕತ್ತರಿಸಿ ಕೋರಿನ ಎರಡು ಹೋಳಿನ ನಡುವೆ ಇಟ್ಟೆ. ತಂತಿ 0.8 ಮಿ.ಮೀ. ಒಂಟಿ ಎಳೆ. ಲೋಡ್ ಕಮ್ಮಿ ಇದ್ದರೂ ಅರ್ಧ ಗಂಟೆಗೆ ಮುಟ್ಟಲಾಗದಷ್ಟು ಬಿಸಿ. ದೊಡ್ಡ ಕೋರ್ ತರಬೇಕಾ?
– ಓದುಗರು, ಸಾಗರ

ಉತ್ತರ: ಕೋರ್ ಬದಲಿಸಬೇಡಿ, ಅದು ಸಾಕು. ಇಟಿಡಿ39ರ ನಡುಗಾಲಿನ ಅಡ್ಡಳತೆ 125 ಚದರ ಮಿ.ಮೀ. ಅದರ ಮೇಲೆ 200 ವೋಲ್ಟಿಗೆ (ಹಾಫ್ ಬ್ರಿಡ್ಜಿನಲ್ಲಿ ಪ್ರೈಮರಿಗೆ ಸಿಗುವುದು 400ರ ಅರ್ಧ) 40 ಸುತ್ತು ಹಾಕಿದರೆ 100 ಕಿಲೋಹರ್ಟ್ಸ್‌ನಲ್ಲಿ ಫ್ಲಕ್ಸಿನ (ಕಾಂತಪ್ರವಾಹದ) ಸಾಂದ್ರತೆ ಸುಮಾರು 0.1 ಟೆಸ್ಲಾ ಆಗುತ್ತದೆ, ಪವರ್ ಫೆರೈಟಿಗೆ ಇದೇನು ಭಾರ ಅಲ್ಲ.

ಎಡವಟ್ಟಾಗಿರುವುದು ಕಾರ್ಡಿನಲ್ಲಿ. ಹೋಳುಗಳ ನಡುವೆ 0.5 ಮಿ.ಮೀ. ಇಟ್ಟಿರಲ್ಲ, ಫ್ಲಕ್ಸ್ ನಡುಗಾಲಿನಲ್ಲಿ ಒಮ್ಮೆ ಅದನ್ನು ದಾಟುತ್ತದೆ, ಪಕ್ಕದ ಕಾಲಿನಲ್ಲಿ ವಾಪಸ್ ಬರುವಾಗ ಇನ್ನೊಮ್ಮೆ ದಾಟುತ್ತದೆ, ಅಂದರೆ ಒಟ್ಟು ಗ್ಯಾಪ್ 1 ಮಿ.ಮೀ. ಆಯಿತು. ನಿಮ್ಮ 500 ಮೈಕ್ರೋಹೆನ್ರಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ. ಲೆಕ್ಕದ ಸೂತ್ರ ಕೇಳುವುದು ಒಟ್ಟು ಗ್ಯಾಪ್, ಕಾಗದದ ದಪ್ಪ ಅಲ್ಲ. ಮೊದಲ ಸಲ ನಾನೂ ಇದೇ ತಪ್ಪು ಮಾಡಿದ್ದೆ.

ಗ್ಯಾಪ್ ಜಾಸ್ತಿಯಾದರೆ ಕೋರಿನ ಫ್ಲಕ್ಸ್ ಬದಲಾಗುವುದಿಲ್ಲ. ಅದನ್ನು ತೀರ್ಮಾನ ಮಾಡುವುದು ವೋಲ್ಟೇಜ್, ಸಮಯ ಮತ್ತು ಸುತ್ತು. ಬದಲಾಗುವುದು ಮ್ಯಾಗ್ನೆಟೈಸಿಂಗ್ ಕರೆಂಟ್, ಅಂದರೆ ಕೋರಿನಲ್ಲಿ ಫ್ಲಕ್ಸ್ ಹುಟ್ಟಿಸುವ ಕರೆಂಟ್. 500 ಮೈಕ್ರೋಹೆನ್ರಿ ಇದ್ದರೆ ಅದರ ತುದಿ (ಪೀಕ್) 1 ಆಂಪಿಯರ್, 250 ಆದರೆ 2. ಎಲ್‌ಎಲ್‌ಸಿಯಲ್ಲಿ ಮಾಸ್ಫೆಟ್‌ಗಳು (ಸ್ವಿಚ್ ಆಗಿ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗಳು) ಸಲೀಸಾಗಿ ಆನ್ ಆಗಲು ಈ ಕರೆಂಟ್ ಸ್ವಲ್ಪ ಬೇಕೇ ಬೇಕು, ಆದರೆ ಲೋಡ್ ಇರಲಿ ಬಿಡಲಿ ಅದು ಸುಮ್ನೆ ಸುತ್ತುತ್ತಲೇ ಇರುತ್ತದೆ, ಎರಡು ಪಟ್ಟಾದರೆ ಅದು ತಂತಿಯಲ್ಲಿ ಹುಟ್ಟಿಸುವ ಬಿಸಿ ನಾಲ್ಕು ಪಟ್ಟು. ಲೋಡ್ ಇಲ್ಲದಾಗಲೂ ಕಾಯುವುದು ಇದಕ್ಕೇ.

ತಂತಿಯದ್ದೂ ಪಾಲಿದೆ. 100 ಕಿಲೋಹರ್ಟ್ಸ್‌ನಲ್ಲಿ ಕರೆಂಟ್ ತಾಮ್ರದ ಮೇಲ್ಮೈಯಿಂದ ಸುಮಾರು 0.2 ಮಿ.ಮೀ. ಆಳಕ್ಕಷ್ಟೇ ಇಳಿಯುತ್ತದೆ, ನಿಮ್ಮ 0.8ರ ತಂತಿಯ ನಡುಭಾಗ ದಂಡ. ಅದೂ ಅಲ್ಲದೆ ಗ್ಯಾಪಿನಿಂದ ಉಬ್ಬಿ ಹೊರಬರುವ ಫ್ಲಕ್ಸ್ ಹತ್ತಿರದ ಸುತ್ತುಗಳನ್ನು ಕಾಯಿಸುತ್ತದೆ. ಲಿಟ್ಜ್ ತಂತಿಗೆ (ಇನ್ಸುಲೇಶನ್ ಇರುವ ಸಣ್ಣ ಎಳೆಗಳ ಹುರಿ) ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವಷ್ಟು ಪುರುಸೊತ್ತು ಇಲ್ಲದಿದ್ದರೆ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ 36 ಗೇಜ್ ತಂತಿ ಕೇಳಿ, ಅದು ಸುಮಾರು 0.19 ಮಿ.ಮೀ. ಇರುತ್ತದೆ. 22 ಎಳೆ ಸೇರಿಸಿ, ಒಂದು ತುದಿ ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದನ್ನು ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ ನಿಧಾನಕ್ಕೆ ಹುರಿ ಮಾಡಿ. ಸೆಕೆಂಡರಿಗೂ ಹೀಗೇ, ಎಳೆ ಮಾತ್ರ ಮೂರು ನಾಲ್ಕು ಪಟ್ಟು. ಎರಡರ ನಡುವೆ ಪಾಲಿಯೆಸ್ಟರ್ ಟೇಪ್ ಮೂರು ಸುತ್ತು, ಇದರಲ್ಲಿ ಜಿಪುಣತನ ಬೇಡ.

ಕಾರ್ಡ್ ಕಿತ್ತು ಬಿಸಾಕಿ. ನಮ್ಮ ಕಡೆ ಆಷಾಢದಲ್ಲಿ ಉಪ್ಪಿನ ಡಬ್ಬಿಯೇ ನೀರೊಡೆಯುತ್ತದೆ, ಕಾಗದ ಉಬ್ಬದೆ ಇರುತ್ತಾ? ಗ್ಯಾಪ್ ಉಬ್ಬಿದರೆ ಇಂಡಕ್ಟೆನ್ಸ್ ಮತ್ತೆ ಇಳಿಯುತ್ತದೆ. 0.25 ಮಿ.ಮೀ. ಪಾಲಿಯೆಸ್ಟರ್ ಹಾಳೆ ಇಡಿ. ಕೋರ್ ಬಿಗಿದ ಮೇಲೆ ಸೆಕೆಂಡರಿ ತೆರೆದಿಟ್ಟು ಎಲ್‌ಸಿಆರ್ ಮೀಟರಿನಲ್ಲಿ ಪ್ರೈಮರಿ ಅಳೆಯಿರಿ, 500ರ ಆಸುಪಾಸು ಬರಬೇಕು. ಆಮೇಲೆ ಸೆಕೆಂಡರಿಯ ತುದಿಗಳನ್ನು ಸೇರಿಸಿ ಅಳೆಯಿರಿ, ಸಿಗುವುದು ಲೀಕೇಜ್, ಅಂದರೆ ಸೆಕೆಂಡರಿಗೆ ತಲುಪದೆ ತಪ್ಪಿಸಿಕೊಳ್ಳುವ ಫ್ಲಕ್ಸಿನ ಇಂಡಕ್ಟೆನ್ಸ್. ಇದೂ ಚೋಕಿನ ಜೊತೆ ಸೇರಿಕೊಳ್ಳುತ್ತದೆ. ರೆಸೊನೆನ್ಸಿಗೆ ನೀವು ಹಾಕುವ ಚೋಕ್ 100 ಮೈಕ್ರೋಹೆನ್ರಿ ಅಂತಿಟ್ಟುಕೊಳ್ಳಿ, ಲೀಕೇಜ್ 12 ಬಂದರೆ ಚೋಕ್ 88ಕ್ಕೆ ಇಳಿಸಿ. ಆಗ 25 ನ್ಯಾನೋಫ್ಯಾರಡ್ ಕೆಪಾಸಿಟರ್ ಜೊತೆ ಸರಿಯಾಗಿ 100 ಕಿಲೋಹರ್ಟ್ಸಿಗೆ ಕೂರುತ್ತದೆ.

ಅಳೆಯಲು ಕೈ ಹಾಕುವ ಮೊದಲು 400 ವೋಲ್ಟಿನ ಕೆಪಾಸಿಟರ್ ಖಾಲಿಯಾಗಿದೆಯಾ ಅಂತ ಮೀಟರಿನಲ್ಲೇ ನೋಡಿ, ಅಂದಾಜಿನ ಮೇಲೆ ಬೇಡ.