ಕನ್ನಡವೊಂದೇ ಸಾಕೇ? ಕಾಸರಗೋಡಿನಿಂದ ಉತ್ತರ

ಮಂಗಳೂರಿನ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಆರಂಭಿಸಲಿರುವ ನಿಮ್ಮ ಮಗಳಿಗೆ ಕನ್ನಡವೊಂದೇ ಸಾಕಾಗುವುದೇ ಎಂದು ತುಮಕೂರಿನಿಂದ ಕೇಳಿದ್ದೀರಿ. ಹಿರಿಯ ವೈದ್ಯರೊಂದಿಗೆ, ಸಿಸ್ಟರುಗಳೊಂದಿಗೆ ಸಾಕು. ರೋಗಿಯ ಹಾಸಿಗೆಯ ಬಳಿ ಎಷ್ಟೋ ಸಲ ಸಾಲದು.

ಅದಕ್ಕೆ ಕಾರಣ ನಮ್ಮ ಊರುಗಳು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಆದರೆ ಕಾಯಿಲೆ ಬಿದ್ದಾಗ ನಾವು ಹೋಗುವ ದಾರಿ ಬದಲಾಗಲಿಲ್ಲ. ಬದಿಯಡ್ಕದ ಬಳಿಯ ಉಕ್ಕಿನಡ್ಕದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿಯೇ ಶಿಲಾನ್ಯಾಸವಾಗಿದ್ದರೂ, ಗಂಭೀರ ಕಾಯಿಲೆಯೆಂದರೆ ಇಂದಿಗೂ ಹೆಚ್ಚಿನವರು ರಾಜ್ಯದ ಗಡಿಯಾದ ತಲಪಾಡಿ ದಾಟಿ ಮಂಗಳೂರಿಗೇ ಬರುತ್ತಾರೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಅಲ್ಲಿ ರಸ್ತೆ ಮುಚ್ಚಿದಾಗ ಆಸ್ಪತ್ರೆ ತಲುಪಲಾಗದೆ ಪ್ರಾಣ ಬಿಟ್ಟವರಿದ್ದರು. ಆಗ ಪ್ಲಸ್ ಟು ಓದುತ್ತಿದ್ದ ನಾನು ವೈದ್ಯೆಯಾಗಬೇಕೆಂದು ಗಟ್ಟಿಮಾಡಿಕೊಂಡದ್ದು ಆ ದಿನಗಳಲ್ಲಿಯೇ.

ನನ್ನ ಮನೆಮಾತು ತುಳು, ಕಲಿತದ್ದು ಕನ್ನಡ ಮಾಧ್ಯಮದಲ್ಲಿ, ಉಪ್ಪಳದ ಪೇಟೆಯಲ್ಲಿ ಕಿವಿಗೆ ಬಿದ್ದದ್ದು ಮಲಯಾಳ. ಇಂಟರ್ನ್‌ಶಿಪ್‌ನ ಮೊದಲ ದಿನ, 1848ರಲ್ಲಿ ಆರಂಭವಾದ ಹಂಪನಕಟ್ಟೆಯ ವೆನ್ಲಾಕ್ ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ, ಈ ಮೂರೂ ಬೇಕಾದವು. ವಿಜಯಪುರದ ನನ್ನ ಸಹಪಾಠಿ ನಮ್ಮ ಕಡೆಯ ವೃದ್ಧೆಯೊಬ್ಬರನ್ನು ಏನು ತೊಂದರೆಯೆಂದು ಕೇಳಿದಾಗ ಅವರು ಕ್ಷೀಣ ದನಿಯಲ್ಲಿ "ಪನಿ, ಮೋನೇ" ಎಂದರು. ತುಳುವಿನಲ್ಲಿ ಪನಿ ಎಂದರೆ ತುಂತುರು ಮಳೆ. ಐದು ವರ್ಷಗಳಲ್ಲಿ ಅಷ್ಟಿಷ್ಟು ತುಳು ಕಲಿತಿದ್ದ ಅವನು ಮಳೆಯಲ್ಲಿ ನೆನೆದಿರಾ ಎಂದು ವಿಚಾರಿಸತೊಡಗಿದ. ಮಲಯಾಳದಲ್ಲಿ ಪನಿಯೆಂದರೆ ಜ್ವರ.

ನಾನು "ಉಮ್ಮ, ಎತ್ರ ದಿವಸಾಯಿ?" ಎಂದು ಕೇಳಿದೆ. ಅವರು ನನ್ನ ಕೈಹಿಡಿದು ಬೆರಳು ಮಡಿಚಿ ಎಣಿಸಿದರು: ಮೊನ್ನೆಯವರೆಗೆ ಮೂರು ದಿನ ಮೈ ಸುಡುತ್ತಿತ್ತು, ನಿನ್ನೆಯಿಂದ ಇಳಿದಿದೆ, ಆದರೆ ಎದ್ದು ನಿಲ್ಲಲಾಗುತ್ತಿಲ್ಲ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ, ಸಾಮಾನ್ಯವಾಗಿ 3ರಿಂದ 7ನೆಯ ದಿನದೊಳಗೆ, ಅಪಾಯದ ಹೊತ್ತಾದ್ದರಿಂದ ಆ ಬೆರಳೆಣಿಕೆ ಎಷ್ಟು ಮುಖ್ಯವೆಂಬುದನ್ನು ನಿಮ್ಮ ಮಗಳು ಪಠ್ಯದಲ್ಲಿ ಓದಿಯೇ ಇರುತ್ತಾಳೆ. ಹಿರಿಯ ವೈದ್ಯರು ಕೂಡಲೇ ರಕ್ತಪರೀಕ್ಷೆಗೆ ಬರೆದರು. ನರ ಸಿಗದೆ ನನ್ನ ಕೈ ನಡುಗಿದಾಗ ಸಿಸ್ಟರ್ ಪಕ್ಕದಲ್ಲಿ ನಿಂತು ತೋರಿಸಿಕೊಟ್ಟರು.

ಆದ್ದರಿಂದ ಮಗಳು ಹೊರಡುವ ಮೊದಲೇ ಕೆಲವು ಮಾತುಗಳನ್ನು ಕಲಿಯಲಿ. ನೋವಿಗೆ ತುಳುವಿನಲ್ಲಿ ಬೇನೆ, ಮಲಯಾಳದಲ್ಲಿ ವೇದನ. ತುಳುವಿನಲ್ಲಿ ಬಂಜಿ ಎಂದರೆ ಹೊಟ್ಟೆ, ತಿಗಲೆ ಎಂದರೆ ಎದೆ. ಎಲ್ಲಕ್ಕಿಂತ ಮೊದಲು, ಎಷ್ಟು ದಿನವಾಯಿತು ಎಂಬುದನ್ನು ತುಳುವಿನಲ್ಲಿ "ಏತ್ ದಿನ ಆಂಡ್?" ಎಂದು ಕೇಳಲು ಕಲಿಯಲಿ, ಅದರ ಮಲಯಾಳವನ್ನು ಮೇಲೆ ಬರೆದಿದ್ದೇನೆ.