ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಆಯ್ತಾ?

ರಾಣೆಬೆನ್ನೂರಿನ ನಿವೃತ್ತ ಮಾಸ್ತರರೊಬ್ಬರ ಪತ್ರ: ‘ಮೊಮ್ಮಗ ಎಂಬಿಬಿಎಸ್ ಎರಡನೇ ವರ್ಷ. ಊಟ ಸೇರಲ್ಲ, ನಿದ್ದೆ ಬರಲ್ಲ, ಓದೇ ಬೇಡ ಅಂತಾನೆ. ಡಾಕ್ಟರು ಡಿಪ್ರೆಶನ್ ಅಂದರು. ಚಿಮಣಿ ಬೆಳಕಲ್ಲಿ ಓದಿದ ನಮಗೆ ಇದೆಲ್ಲಿತ್ತು? ಎಲ್ಲಾ ಮೊಬೈಲಿನಿಂದ. ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಆಯ್ತು, ಅಲ್ವಾ?’

ಮಾಸ್ತರರೇ, ಮೊಬೈಲ್ ನಿದ್ದೆ ಕೆಡಿಸುತ್ತದೆ, ಒಪ್ಪಿದೆ. ಉಳಿದದ್ದನ್ನು ಒಪ್ಪಲಾರೆ.

ನಮ್ಮ ಓಣಿಯ ಹುಡುಗನಿಗೆ ಮೆಡಿಕಲ್ ಸೀಟು ಸಿಕ್ಕಾಗ ಬಸ್ ಸ್ಟ್ಯಾಂಡಿನಲ್ಲಿ ಆಳೆತ್ತರದ ಫ್ಲೆಕ್ಸ್ ಎದ್ದಿತು. ‘ನಮ್ಮೂರ ಹೆಮ್ಮೆ’. ಅವನು ಹತ್ತನೇ ಇಯತ್ತೆವರೆಗೆ ಕನ್ನಡದಲ್ಲೇ ಕಲಿತವನು. ಅವನ ಅನಾಟಮಿ ಪುಸ್ತಕ ನೋಡಿದ್ದೇನೆ. ಪುಟದ ಅಂಚಿನಲ್ಲೆಲ್ಲ ಪೆನ್ಸಿಲಿನ ಸಣ್ಣ ಅಕ್ಷರ. ಕ್ಲಾವಿಕಲ್ ಪಕ್ಕ ‘ಕೊರಳೆಲುಬು’, ಲಿವರ್ ಪಕ್ಕ ‘ಪಿತ್ತಕೋಶ ಅಲ್ಲ, ಯಕೃತ್ತು’. ಇಷ್ಟು ಮಾಡಿಯೂ ಫಿಸಿಯಾಲಜಿಯಲ್ಲಿ ಫೇಲಾದ. ಆಮೇಲೆ ಊರಿಗೆ ಬಂದರೆ ರಾತ್ರಿಯ ಕೊನೆ ಬಸ್ಸಿಗೇ. ಹಗಲು ಆ ಫ್ಲೆಕ್ಸ್ ಮುಂದೆ ಇಳಿಯಲು ಅವನಿಂದ ಆಗುತ್ತಿರಲಿಲ್ಲ.

ಇವನೊಬ್ಬನ ಕತೆಯಲ್ಲ. 2016ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಸಂಶೋಧಕರು 43 ದೇಶಗಳ ಮೆಡಿಕಲ್ ವಿದ್ಯಾರ್ಥಿಗಳ ಲೆಕ್ಕ ಒಟ್ಟುಗೂಡಿಸಿ ಕೊಟ್ಟರು. ನೂರಕ್ಕೆ 27 ಮಂದಿಯಲ್ಲಿ ಖಿನ್ನತೆ ಅಥವಾ ಅದರ ಲಕ್ಷಣ. ಅವರಲ್ಲಿ ಚಿಕಿತ್ಸೆಗೆ ಹೋದವರು ನೂರಕ್ಕೆ ಸುಮಾರು 16 ಮಂದಿ ಮಾತ್ರ. ಇಷ್ಟು ದೇಶದ ಮಕ್ಕಳೆಲ್ಲ ಮೆತ್ತಗಿನವರೇ, ಮಾಸ್ತರರೇ?

ನೀವು ಮಕ್ಕಳಿಗೆ ಪಾಠ ಹೇಳಿದವರು. ಹುಬ್ಬಳ್ಳಿ-ಧಾರವಾಡ ರಸ್ತೆಯುದ್ದಕ್ಕೂ ರ್‍ಯಾಂಕ್ ಬಂದವರ ಮುಖಗಳನ್ನು ನೋಡಿಯೇ ಇರುತ್ತೀರಿ. ಒಮ್ಮೆ ಫೇಲಾಗಿ ಮತ್ತೆ ಪಾಸಾದವರ ಮುಖ ಒಂದಾದರೂ ಇದೆಯೇ? ಸೋತರೆ ಏನು ಮಾಡಬೇಕು ಅಂತ ನಾವು ಯಾರೂ ಕಲಿಸಲೇ ಇಲ್ಲ. ಧಾರವಾಡದಲ್ಲಿ 1845ರಿಂದ ಮಾನಸಿಕ ಆಸ್ಪತ್ರೆ ಇದೆ, ಈಗಿನ ಡಿಮ್ಹಾನ್ಸ್. ಅದರಿಂದ ನಾವು ಕಲಿತದ್ದು ‘ಇವನನ್ನ ಧಾರವಾಡಕ್ಕೆ ಕಳಿಸ್ಬೇಕು’ ಅನ್ನುವ ಬೈಗುಳ. ಗುಳಿಗೆಯ ಹೆಸರು ಬಾಯಿಪಾಠ ಇರುವ ಹುಡುಗನೂ ಅಲ್ಲಿ ಚೀಟಿ ಮಾಡಿಸಲು ಹೆದರುತ್ತಾನೆ.

ಡಾಕ್ಟರ ಔಷಧಿ ನಿಲ್ಲಿಸಬೇಡಿ. ನಡುರಾತ್ರಿ ಸಂಕಟವಾದರೆ ಸರ್ಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಭಾನುವಾರ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹಾಸ್ಟೆಲಿಗೆ ಹೋಗಿ. ಮಾರ್ಕ್ಸ್ ಕೇಳಬೇಡಿ, ಸುಮ್ನೆ ಜೊತೆಗೆ ಕೂತು ಉಣ್ಣಿ.

ನಮ್ಮ ಓಣಿಯ ಹುಡುಗನೂ ಔಷಧಿ ತೆಗೆದುಕೊಂಡ. ಒಂದು ದಿನ ಅವರವ್ವ ತಾವೇ ಹೋಗಿ ಆ ಫ್ಲೆಕ್ಸ್ ಬಿಚ್ಚಿ ತಂದರು. ಮಳೆ ಬರುವ ಹಾಗಿತ್ತು, ಕಣದಲ್ಲಿದ್ದ ಶೇಂಗಾ ರಾಶಿಗೆ ಹೊದಿಸಿದರು. ಮುಂದಿನ ಸಲ ಅವನು ಮಧ್ಯಾಹ್ನದ ಬಸ್ಸಿಗೆ ಬಂದ.